ಕೊನೆಯ ಬೆಂಚಿನಿಂದ, ಎರಡು ಅರ್ಜಿ ಹಿಡಿದವರಿಗೆ

ಭಟ್ಟಿ ಓಣಿ, ದಾವಣಗೆರೆ
ಫೆಬ್ರವರಿ ೩೦, ೨೧೪೧

ಮಗುವಿಗೆ ಐದು ತುಂಬಿ, ಒಂದು ಕೈಯಲ್ಲಿ ಸರ್ಕಾರಿ ಶಾಲೆಯ ಅರ್ಜಿ, ಇನ್ನೊಂದು ಕೈಯಲ್ಲಿ ಖಾಸಗಿ ಶಾಲೆಯ ಅರ್ಜಿ ಹಿಡಿದು ನಿಂತಿರುವ ತಾಯಿತಂದೆಯರಿಗೆ ಹಾಲಮ್ಮ ಮಾಡುವ ನಮಸ್ಕಾರ.

ತಾರೀಖು ನೋಡಿ ಮುದುಕಿಗೆ ಅರಳುಮರುಳು ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಐದು ದಿನ ಮಿಕ್ಕುತ್ತವೆ, ಅವಕ್ಕೆ ‘ಉಳಿಕೆ ದಿನ’ ಎನ್ನುತ್ತೇವೆ. ಅಂಗಡಿ ಮುಚ್ಚಿರುತ್ತದೆ, ಹಾಗಾಗಿ ಮನೆಯ ಜಗಳವನ್ನೆಲ್ಲ ಆ ಐದು ದಿನಕ್ಕೇ ತೆಗೆದಿಟ್ಟಿರುತ್ತೇವೆ. ಮಕ್ಕಳನ್ನು ಶಾಲೆಗೆ ಸೇರಿಸುವುದೂ ಆಗಲೇ, ಶಾಲೆ ಮಾತ್ರ ತೆರೆದಿರುತ್ತದೆ. ಈ ಕಾಗದ ನಿಮಗೆ ಸೇರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಅದು ಹೇಗೆ ಹೋಗುತ್ತದೆ ಎಂದು ಕೇಳಬೇಡಿ. ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡೇ ನೀವೇನು ದೀಪ ಹಾಕುತ್ತೀರಾ? ಅರವತ್ತು ತುಂಬಿದವರಿಗೆ ಜೀವಮಾನದಲ್ಲಿ ಒಂದೇ ಕಾಗದದ ಹಕ್ಕು. ನನ್ನ ಓರಗೆಯವರು ಹೆಚ್ಚಾಗಿ ತೀರಿಹೋದ ಗಂಡಂದಿರಿಗೆ ಬರೆದು, ಬೈಯುವುದು ಬಾಕಿ ಇದ್ದದ್ದನ್ನು ಬೈದು ಮುಗಿಸುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನನ್ನ ಮಾತಿನಲ್ಲಿ ಒಂದೆರಡು ಪದ ನಿಮಗೆ ಹೊಸದಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಪದಗಳೂ ನಮಗೆ ಹಾಗೇ ಕೇಳುತ್ತವೆ.

ನಿಮ್ಮ ಮೊದಲ ಪ್ರಶ್ನೆ ನನಗೆ ಗೊತ್ತು. ಇಲ್ಲ, ನೂರಿಪ್ಪತ್ತು ವರ್ಷ ಕಳೆದರೂ ಈ ತಲೆನೋವು ಹೋಗಿಲ್ಲ.

ಹೋಗಬೇಕಿತ್ತು. ಯಾಕೆಂದರೆ ಪಾಠ ಈಗ ಎಲ್ಲ ಕಡೆ ಒಂದೇ. ಪಾಠಗಲ್ಲು ಎಂದು ಅಂಗೈಯಷ್ಟು ಅಗಲದ ಮಾತಾಡುವ ಹಲಗೆ ಇದೆ. ಅದನ್ನು ಪ್ರತಿ ಮಗುವಿಗೂ ಸರ್ಕಾರವೇ ಕೊಡುತ್ತದೆ. ಸರ್ಕಾರದ್ದಕ್ಕೆ ನಾವು ಊರಶಾಲೆ ಎನ್ನುತ್ತೇವೆ. ಅಲ್ಲಿಯ ಮಗುವೂ ಖಾಸಗಿ ಶಾಲೆಯ ಮಗುವೂ ಅದೇ ಕಲ್ಲಿನಿಂದ ಅದೇ ಮಗ್ಗಿ ಕಲಿಯುತ್ತವೆ. ಮಗುವಿಗೆ ತಿಳಿಯದಿದ್ದರೆ ಕಲ್ಲು ಇನ್ನೊಂದು ಸಲ ಹೇಳುತ್ತದೆ. ಕೇಳಿಸದಿದ್ದರೆ ತಾನೇ ದನಿ ಏರಿಸಿಕೊಳ್ಳುತ್ತದೆ. ಆದರೂ ಜನ ಎರಡು ಅರ್ಜಿ ತಂದು ಮೇಜಿನ ಮೇಲಿಟ್ಟು ಊಟ ಬಿಡುತ್ತಾರೆ. ಒಮ್ಮೆ ಸೇರಿಸಿದರೆ ಆರು ವರ್ಷ ಬದಲಿಸುವಂತಿಲ್ಲ ಎಂಬ ನಿಯಮ ಬೇರೆ ಇದೆ.

ನನ್ನ ಮೊಮ್ಮಗಳ ಹೆಸರು ದುಗ್ಗವ್ವ. ನಿಮ್ಮ ಕಾಲದಲ್ಲಿ ಅಜ್ಜಿಯರಿಗಿದ್ದ ಹೆಸರುಗಳೆಲ್ಲ ಈಗ ಮಕ್ಕಳಿಗೆ ಬಂದಿವೆ. ಮನೆಯಲ್ಲಿ ಮಾತಿನ ಮಲ್ಲಿ, ಹೊಸಿಲು ದಾಟಿದರೆ ಬಾಯಿ ಬಂದ್. ಹೊರಗಿನವರು ಏನು ಕೇಳಿದರೂ ನೆಲ ನೋಡುತ್ತಾ ನಿಲ್ಲುತ್ತಿದ್ದಳು. ಇಂಥ ಮಗುವನ್ನು ಎಲ್ಲಿಗೆ ಸೇರಿಸುವುದು? ಅಳಿಯ ಮುರಿಗೆಪ್ಪನಿಗೆ ಕೆರೆಯಾಚೆಯ ಖಾಸಗಿ ಶಾಲೆಯೇ ಆಗಬೇಕು. ಅಲ್ಲಿ ಒಬ್ಬ ಟೀಚರಿಗೆ ಹನ್ನೆರಡೇ ಮಕ್ಕಳು, ಊರಶಾಲೆಯಲ್ಲಿ ಮೂವತ್ನಾಲ್ಕು. “ಮೂವತ್ನಾಲ್ಕರಾಗೆ ಈ ಮೂಕಿ ಕಳ್ದೇ ಹೋಗ್ತಾಳೆ ಅತ್ತೆ,” ಎಂದ. ಮಗಳು ಕೊಟ್ರವ್ವ ಬಿಡಲಿಲ್ಲ. “ಹನ್ನೆರಡರಾಗೆ ಎಲ್ರೂ ಇವಳನ್ನೇ ನೋಡ್ತಾರೆ, ಇನ್ನೂ ಮುದುರಿಕೊಳ್ತಾಳೆ,” ಎಂದಳು. ಇಬ್ಬರೂ ಸೋಲುವವರಲ್ಲ. ಕೊನೆಗೆ ನನ್ನ ಕಡೆ ತಿರುಗಿದರು. “ಅವ್ವ, ಸಾವಿರ ಚೀಲ ಭತ್ತ ನೋಡಿದಾಕಿ ನೀನು. ಎರಡು ಶಾಲೆ ನೋಡೋದು ಏನ್ ದೊಡ್ಡದು? ನೀನೇ ಕೂತು ಬಾ.”

ಕೂತು ಬರುವುದು ಎಂದರೆ, ನಮ್ಮಲ್ಲಿ ‘ಕೂತುನೋಡು’ ಎಂಬ ಪದ್ಧತಿ ಇದೆ. ಯಾವ ಶಾಲೆ ಎಂದು ಗೊತ್ತು ಮಾಡುವವರು ಎರಡೂ ಕಡೆ ಒಂದೊಂದು ದಿನ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಮಗುವೂ ಜೊತೆಗೆ ಬಂದು ಮಕ್ಕಳ ನಡುವೆ ಕೂರುತ್ತದೆ. ಹಿಂದೆ ಜನ ಕಟ್ಟಡ ನೋಡಿ, ಬೂಟು ನೋಡಿ, ಪಕ್ಕದ ಮನೆಯವರನ್ನು ನೋಡಿ ಸೇರಿಸುತ್ತಿದ್ದರಂತೆ. ನನಗೆ ಪದ್ಧತಿ ಹಿಡಿಸಿತು. ತಲೆಯ ಮೇಲೆ ಬುಟ್ಟಿ ಹೊತ್ತು ಮಂಡಕ್ಕಿ ಮಾರಿ ಶುರು ಮಾಡಿದವಳು ನಾನು, ಈಗ ಮೂರು ಭಟ್ಟಿ ನಡೆಸುತ್ತೇನೆ. ಚೀಲದ ಬಾಯಿ ನೋಡಿ ಎಂದೂ ಭತ್ತ ಕೊಂಡಿಲ್ಲ. ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಹಲ್ಲಿಗೆ ಕೊಟ್ಟು ನೋಡುತ್ತೇನೆ. ಕೊನೆಯ ಬೆಂಚು ಎಂದರೆ ಶಾಲೆಯ ತಳವೇ ತಾನೆ?

ಮೊದಲ ದಿನ ಊರಶಾಲೆ. ನಮ್ಮ ಬೇಸಿಗೆ ನಿಮ್ಮದಕ್ಕಿಂತ ಕೆಟ್ಟದ್ದು. ಹಾಗಾಗಿ ವರ್ಷವಿಡೀ ಶಾಲೆ ಬೆಳಗಿನ ಆರೂವರೆಗೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತದೆ. ಮಕ್ಕಳು ನೆರಳುದಾರಿಯಲ್ಲಿ, ಅಂದರೆ ಮೇಲೆ ಸೂರು ಹಾಕಿದ ರಸ್ತೆಯಲ್ಲಿ, ಗುಂಪು ಗುಂಪಾಗಿ ನಡೆದು ಬರುತ್ತಾರೆ. ನಾನು ಕಾಗದದ ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಕೆಟ್ಟದ್ದು ಎಂದು ಗೆರೆ ಹಾಕಿಕೊಂಡು ಕೂತೆ. ಟೀಚರಮ್ಮ ಅರ್ಧ ಹೊತ್ತು ಹಾಜರಿ, ಹಾಲು, ಯಾವುದೋ ಗಣತಿ ಎಂದು ಹೊರಗೇ ಇದ್ದರು. ಇಡೀ ದಿನದಲ್ಲಿ ದುಗ್ಗಿಯ ಹೆಸರು ಕರೆದದ್ದು ಒಂದೇ ಸಲ. ಪಾಠದ ನಡುವೆ ನಸೀಮಾ ಎಂಬ ಹುಡುಗಿ, ನಮ್ಮ ಓಣಿಯಲ್ಲೇ ಚೀಲ ಹೊಲಿಯುವವರ ಮಗಳು, ದುಗ್ಗಿಯ ಎಡಗಡೆಯಿಂದ ಎದ್ದಳು. ಬಲಗಡೆ ಕೂತಿದ್ದ ಮಗುವನ್ನು ಮೊಣಕೈಯಿಂದ ತಳ್ಳಿ ಆ ಜಾಗದಲ್ಲಿ ಕೂತಳು. ಯಾರೂ ಗದರಲಿಲ್ಲ. ಆಮೇಲೆ ಇಬ್ಬರದೂ ಕಿಸಿಕಿಸಿ ನಗು. ನಾನು ಕೆಟ್ಟದ್ದರ ಕಡೆ ಬರೆದೆ: ಶಿಸ್ತಿಲ್ಲ, ಪಾಠದಲ್ಲಿ ನಗು.

ಎರಡನೆಯ ದಿನ ಕೆರೆಯಾಚೆ. ತಂಪು ಗಾಡಿಯಲ್ಲಿ ಹೋದೆವು. ಹನ್ನೆರಡು ಮಕ್ಕಳಿಗೆ ಹನ್ನೆರಡು ಮೇಜು, ಒಂದರಿಂದೊಂದಕ್ಕೆ ಒಂದು ಮಾರು ದೂರ. ಯಾರೂ ಯಾರನ್ನೂ ತಳ್ಳಲಿಲ್ಲ. ಟೀಚರ್ ಚಿಕ್ಕ ಪ್ರಾಯದವರು, ದನಿ ಮೆತ್ತಗೆ, ಮಕ್ಕಳ ನಡುವೆಯೇ ಓಡಾಡುತ್ತಿದ್ದರು. ದುಗ್ಗಿಯ ಹೆಸರು ಒಂಬತ್ತು ಸಲ ಕರೆದರು. ನನ್ನ ಒಳ್ಳೆಯದರ ಸಾಲು ತುಂಬಿ ಅಂಚಿಗೆ ಬಂತು. ಮುರಿಗೆಪ್ಪ ಗೆದ್ದ ಎಂದುಕೊಂಡೆ. ಬಿಡುವಿನಲ್ಲಿ ಆ ಟೀಚರ್ ನನ್ನ ಬೆಂಚಿಗೆ ಬಂದರು.

“ಅಜ್ಜೀ, ಮಗು ಎಡಗಡೆಯಿಂದ ಕರೆದರೆ ತಿರುಗೋದಿಲ್ಲ. ಗಮನಿಸಿದೀರಾ?”

“ನಮ್ಮ ಹುಡುಗಿ ಸ್ವಲ್ಪ ಮೌನಿ, ಮೇಡಂ.”

“ಮೌನ ಅಲ್ಲ ಅಜ್ಜಿ. ಕೇಳಿಸ್ತಿಲ್ಲ.”

ಗಾಡಿಯಲ್ಲಿ ವಾಪಸು ಬರುವಾಗ ಮನೆಯ ಸದ್ದು ನೆನಪಾಯಿತು. ನಮ್ಮ ಮನೆ ಭಟ್ಟಿಗೆ ಅಂಟಿಕೊಂಡಿದೆ. ಒಲೆ ಈಗ ಬಿಸಿಲಿನ ಶಾಖದ್ದಾದರೂ ಹುರಿಯುವುದು ಅದೇ ಕಾದ ಮರಳಿನಲ್ಲಿ. ಆ ಮರಳು ಉರುಳೆಯೊಳಗೆ ತಿರುಗುವ ಸದ್ದಿಗೆ ನಾವು ಮೂರು ತಲೆಮಾರಿನಿಂದ ಕೂಗಿಯೇ ಮಾತಾಡುವುದು. ಉಪ್ಪು ಕೇಳುವುದೂ ಕೂಗಿಯೇ, ಮುದ್ದು ಮಾಡುವುದೂ ಕೂಗಿಯೇ. ಕೂಗಿದರೆ ಮಗುವಿಗೆ ಎಲ್ಲ ಕೇಳುತ್ತಿತ್ತು. ಹೊರಗಿನ ಜನ ಮೆಲ್ಲಗೆ ಮಾತಾಡುತ್ತಾರೆ, ಅದು ಅರ್ಧ ಕೇಳಿ ಅರ್ಧ ಕೇಳುತ್ತಿರಲಿಲ್ಲ. ಇನ್ನು ಆ ಜಾಣ ಪಾಠಗಲ್ಲು. ಅದು ದನಿ ಏರಿಸಿಕೊಂಡಿತೇ ಹೊರತು ಯಾರಿಗೂ ಹೇಳಲಿಲ್ಲ.

ಉಳಿಕೆ ದಿನವಾದ್ದರಿಂದ ಭಟ್ಟಿ ಮುಚ್ಚಿತ್ತು. ದುಗ್ಗಿ ಅಂಗಳದಲ್ಲಿ ಮಂಡಕ್ಕಿ ಸಾಲು ಜೋಡಿಸುತ್ತಾ ಕೂತಿದ್ದಳು. ನಾನು ಹಿಂದೆ ನಿಂತು, ಎಡಗಡೆಯಿಂದ, ಮೆಲ್ಲಗೆ “ದುಗ್ಗಿ” ಎಂದೆ. ಅವಳು ಸಾಲು ಜೋಡಿಸುತ್ತಲೇ ಇದ್ದಳು. ಬಲಕ್ಕೆ ಬಂದು ಅಷ್ಟೇ ಮೆಲ್ಲಗೆ ಎಂದೆ. ತಿರುಗಿ, “ಯಾಕಜ್ಜಿ, ಗಂಟ್ಲು ನೋವಾ?” ಎಂದಳು.

ಸಾವಿರ ಚೀಲದ ತಳ ನೋಡಿದ ಕೈ ಇದು. ಮಡಿಲಲ್ಲಿ ಐದು ವರ್ಷ ಇದ್ದ ಮಗುವನ್ನು ನೋಡಿರಲಿಲ್ಲ.

ಆಗ ನನಗೆ ಮೊದಲ ದಿನದ ಕಾಗದ ನೆನಪಾಯಿತು. ತೆಗೆದು ಓದಿದೆ. ಕೆಟ್ಟದ್ದರ ಸಾಲಿನಲ್ಲಿ ಬರೆದದ್ದನ್ನು ಎರಡು ಸಲ ಓದಿ, ಚೀಲದವರ ಮನೆಗೆ ಹೋದೆ. ನಸೀಮಾ ಜಗುಲಿಯಲ್ಲೇ ಇದ್ದಳು. ಯಾಕವ್ವ ನಿನ್ನೆ ಜಾಗ ಬದಲಾಯಿಸಿದೆ ಎಂದು ಕೇಳಿದೆ. ಬೈಯಲು ಬಂದಿದ್ದೇನೆ ಎಂದುಕೊಂಡಿರಬೇಕು, ಸ್ವಲ್ಪ ಹಿಂದೆ ಸರಿದಳು.

“ಆ ಕಡೆ ಕೂತು ಹೇಳಿದ್ರೆ ಅವಳು ನಗಲ್ಲ ಅಜ್ಜಿ. ಈ ಕಡೆ ಕೂತು ಹೇಳಿದ್ರೆ ನಗ್ತಾಳೆ.”

ಕಿವಿಯ ವಿಷಯ ಆ ಹುಡುಗಿಗೆ ಗೊತ್ತಿಲ್ಲ. ತನ್ನ ತಮಾಷೆ ಯಾವ ಕಡೆ ಫಲಿಸುತ್ತದೆ ಎಂಬುದಷ್ಟೇ ಗೊತ್ತು.

ಮಾರನೆಯ ದಿನ ಊರಶಾಲೆಯ ಟೀಚರಮ್ಮನ ಬಳಿ ಹೋಗಿ, ಮಗು ಇಡೀ ದಿನ ನಿಮ್ಮೆದುರು ಕೂತರೂ ನಿಮಗೆ ಹೇಗೆ ಕಾಣಲಿಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ನಮ್ಮ ಮನೆಯ ಜೋರು ನಿಮಗೆ ಈಗ ಗೊತ್ತಲ್ಲ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. “ನಮ್ಮಲ್ಲಿ ಮಕ್ಕಳು ಮೂವತ್ನಾಲ್ಕು, ಕಣ್ಣು ಎರಡು ಅಜ್ಜಿ. ನಿಮ್ಮನೇಲಿ ಮಗು ಒಂದು. ಕಣ್ಣು ಎಷ್ಟು?” ಎಂದರು. ನಾನು ನನ್ನ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ದುಗ್ಗಿಯನ್ನು ಊರಶಾಲೆಗೇ ಸೇರಿಸಿದೆವು. ಮುರಿಗೆಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಪತ್ತೆ ಹಚ್ಚಿದವರನ್ನು ಬಿಟ್ಟು ಹಚ್ಚದವರ ಕಡೆ ಹೋಗುವುದು ಯಾವ ನ್ಯಾಯ ಎಂದು ಅವನ ವಾದ. ಕೆರೆಯಾಚೆಯ ಟೀಚರಿಗೆ ಕೈ ಮುಗಿದು ಬಂದೆ. ಅವರ ಕಣ್ಣಿಗೆ ಎಷ್ಟು ಶುಲ್ಕ ಕೊಟ್ಟರೂ ಹೆಚ್ಚಲ್ಲ. ಆದರೆ ಟೀಚರು ವರ್ಷಕ್ಕೊಬ್ಬರು ಬದಲಾಗುತ್ತಾರೆ, ನಸೀಮಾ ಇದೇ ಓಣಿಯಲ್ಲಿರುತ್ತಾಳೆ. ನನ್ನ ಲೆಕ್ಕ ಅಷ್ಟೇ. ತಪ್ಪಿರಲೂಬಹುದು. ಎರಡು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಎಡಗಿವಿ ಹೋಯಿತೆಂದು ಡಾಕ್ಟರು ಹೇಳಿ, ಸಾಸಿವೆಯಷ್ಟು ಯಂತ್ರ ಇಟ್ಟಿದ್ದಾರೆ. ಆ ಕಿವಿ ಕೇಳುವುದನ್ನು ಮೊದಲಿನಿಂದ ಕಲಿಯಬೇಕಂತೆ. ಹೋದ ವಾರ ಟೀಚರಮ್ಮ ಹೇಳಿದರು, ಹಾಜರಿ ಕರೆದಾಗ ದುಗ್ಗಿ ‘ಒಳಗಿದ್ದೇನೆ’ ಎಂದು ಕೂಗಿದಳಂತೆ. ಭಟ್ಟಿಯವರ ಕೂಗಿಗೆ ಕಿಟಕಿಯ ಗುಬ್ಬಿ ಹಾರಿಹೋಯಿತಂತೆ.

ನೀವು ಖಾಸಗಿ ಶಾಲೆಗೆ ಸೇರಿಸಿದರೆ ನಾನು ಬೈಯುವವಳಲ್ಲ, ಸರ್ಕಾರಿ ಶಾಲೆಗೆ ಸೇರಿಸಿದರೆ ಹೊಗಳುವವಳೂ ಅಲ್ಲ. ಒಂದು ಕೆಲಸ ಮಾತ್ರ ಮಾಡಿ. ಅರ್ಜಿಗಳೆರಡನ್ನೂ ಮೇಜಿನ ಮೇಲಿಡಿ. ಮಗು ಆಡುತ್ತಾ ಕೂತಿರುವಾಗ ಹಿಂದಿನಿಂದ ಹೋಗಿ. ನಿಮ್ಮ ಮನೆಯ ದನಿ ಬೇಡ, ಹೊರಗಿನವರ ದನಿಯಲ್ಲಿ ಮೆಲ್ಲಗೆ ಹೆಸರು ಕರೆಯಿರಿ. ಎಡಗಡೆಯಿಂದ ಒಂದು ಸಲ, ಬಲಗಡೆಯಿಂದ ಒಂದು ಸಲ. ಎರಡು ಸಲವೂ ತಿರುಗಿದರೆ, ಈ ಮುದುಕಿಗೆ ಬೇರೆ ಕೆಲಸವಿಲ್ಲ ಎಂದುಕೊಂಡು ಅರ್ಜಿ ತುಂಬಲು ಕೂರಿ.

ಹನ್ನೊಂದು ಹೊಡೆಯುತ್ತಿದೆ. ದುಗ್ಗಿ ಬರುವ ಹೊತ್ತು. ಈಗ ಅವಳು ಬಂದ ಮೇಲೆ ಅರ್ಧ ಗಂಟೆ ಉರುಳೆ ನಿಲ್ಲಿಸುತ್ತೇವೆ, ಶಾಲೆಯ ಸುದ್ದಿ ಮೆಲ್ಲಗೆ ಕೇಳುವುದಕ್ಕೆ. ಮೆಲ್ಲಗೆ ಮಾತಾಡುವುದು ನಮಗೂ ಇನ್ನೂ ಸರಿಯಾಗಿ ಬಂದಿಲ್ಲ. ಏಳುತ್ತೇನೆ, ಉರುಳೆ ನಿಲ್ಲಿಸಬೇಕು.

ಇಂತಿ,
ಹಾಲಮ್ಮ