ಜಂಕ್ಷನ್ನಿನಲ್ಲಿ ಎರಡಾಗುವ ರೈಲು

ಊಟದ ಬೋಗಿ, ಕಿಟಕಿ ಪಕ್ಕದ ಮೇಜು
ಶನಿವಾರ, ಮಧ್ಯಾಹ್ನ

ಪ್ರೀತಿಯ ಚಿನಕುರಳಿ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಹಾಸಿಗೆ ಬೆನ್ನಿಗೆ ಒಗ್ಗಿತೇ, ಇನ್ನೂ ನೆಲದ ಮೇಲೇ ಮಲಗುತ್ತಿದ್ದೀಯಾ? ನಾವು ಆರಾಮ. ರೈಲು ಹತ್ತಿದ ಕೂಡಲೇ ನಿನ್ನ ಅಜ್ಜಿಯ ಮಂಡಿನೋವು ಮಾಯವಾಗಿದೆ. ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ಬರಲು ಗೋಡೆ ಹಿಡಿಯುವವರು, ಇಲ್ಲಿ ಓಲಾಡುವ ಬೋಗಿಯಲ್ಲಿ ಕೈಬೀಸಿಕೊಂಡು ಓಡಾಡುತ್ತಿದ್ದಾರೆ. ನಮ್ಮನ್ನು ಹತ್ತಿಸಲು ಬಂದ ನಿಮ್ಮಪ್ಪ ಕಿಟಕಿಯ ಹತ್ತಿರ ನಿಂತು, "ಇಬ್ರೂ ಕಿತ್ತಾಡಿ ಮುಗಿಸಿ, ಗೆದ್ದೋರು ಫೋನ್ ಮಾಡಿ" ಎಂದು ಹೇಳಿ ಮನೆಗೆ ಹೋದರು. ಈಗ ನೆಮ್ಮದಿಯಾಗಿ ಕಾಲು ಚಾಚಿ ಟಿವಿ ನೋಡುತ್ತಿರುತ್ತಾರೆ.

ನಾಳೆ ಬೆಳಿಗ್ಗೆ ನಿನ್ನೆದುರೇ ಬಂದು ನಿಲ್ಲುವವಳು ಇವತ್ತು ಪತ್ರ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ನಗು ಬರಬಹುದು. ಫೋನಿನಲ್ಲಿ ನಾವಿಬ್ಬರೂ ಮಾತಾಡುವುದಿಲ್ಲ, ಜಗಳವಾಡುತ್ತೇವೆ. ಎದುರುಬದುರಾದರೆ ಜಗಳವೂ ಇಲ್ಲ. ನನ್ನ ಕಣ್ಣು ತುಂಬುತ್ತದೆ, ನೀನು ಮೆತ್ತಗಾಗುತ್ತೀ. ನನ್ನ ಮಾತಿಗೆ ನೀನು ನೂರು ಎದುರುಮಾತು ಆಡಬಲ್ಲೆ, ಕಣ್ಣೀರಿಗೆ ಮಾತ್ರ ನಿನ್ನ ಹತ್ತಿರ ಉತ್ತರವಿಲ್ಲ. ಸೋಮವಾರ ನೀನು ಸಹಾಯಕ ಚಾಲಕಿಯಾಗಿ ಮೊದಲ ಸಲ ಎಂಜಿನ್ ಹತ್ತುತ್ತೀ. ಅದಕ್ಕೆ ಮೊದಲೇ ನಿನ್ನನ್ನು ಮನೆಗೆ ಕರೆದುಕೊಂಡು ಬಂದುಬಿಡಬೇಕು ಎಂದೇ ನಾವು ಹೊರಟದ್ದು. ಸುತ್ತಿ ಬಳಸಿ ಹೇಳುವುದಿಲ್ಲ. ಎಂಜಿನ್ನಿನಲ್ಲಿ ಶೌಚಾಲಯವಿಲ್ಲ. ಹೊತ್ತು ಗೊತ್ತಿಲ್ಲದ ಕೆಲಸ. ಹಳಿಗೆ ದನ ಅಡ್ಡ ಬರುತ್ತದೆ, ಒಮ್ಮೊಮ್ಮೆ ಮನುಷ್ಯರೂ ಬರುತ್ತಾರೆ. ಬ್ರೇಕು ಹಾಕಿದ ಮೇಲೂ ರೈಲು ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ನೀನೇ ನನಗೆ ಹೇಳಿದ್ದೆ. ಇವನ್ನೆಲ್ಲ ತಣ್ಣಗೆ, ಅಳದೆ, ಕಾಗದದ ಮೇಲೆ ಬರೆದು ನಿನ್ನ ಕೈಗಿಟ್ಟು, ನೀನು ಓದಿ ಮುಗಿಸುವವರೆಗೆ ಬೆನ್ನು ತಿರುಗಿಸಿ ನಿಲ್ಲೋಣ ಎಂದುಕೊಂಡಿದ್ದೆ. ಆದರೆ ನಿನ್ನೆ ಬೆಳಿಗ್ಗೆಯಿಂದ ಈ ರೈಲು ನನಗೆ ಬರೆಯಲು ಬಿಟ್ಟಿಲ್ಲ. ಪೆನ್ನು ಹಿಡಿಯುತ್ತೇನೆ, ತಲೆ ಎತ್ತುತ್ತೇನೆ, ನೋಡುತ್ತಾ ಕೂತುಬಿಡುತ್ತೇನೆ.

ನಿನ್ನ ಅಜ್ಜ ಇದೇ ರೈಲನ್ನು ಓಡಿಸಿದವರು ಎನ್ನುವ ಸಂಗತಿ ನಮ್ಮ ಮನೆಯಲ್ಲಿ ಗೋಡೆಯ ಮೇಲಿನ ಫೋಟೋದ ಹಾಗೆ. ಇದೆ, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ನಾನು ಒಂದು ಪ್ರಶ್ನೆ ಕೇಳಿದವಳಲ್ಲ. ಈಗ ಅಜ್ಜಿ ಕೇಳದೆಯೇ ಹೇಳುತ್ತಿದ್ದಾರೆ, ನನಗಲ್ಲ, ಇಡೀ ಬೋಗಿಗೆ. ಇದು ಮೊದಲು ಟಪಾಲಿನ ರೈಲಂತೆ. ಮುಂದೆ ಕಾಗದಪತ್ರದ ಬೋಗಿಗಳು, ಹಿಂದೆ ಬಾಲಂಗೋಚಿಯ ಹಾಗೆ ಎರಡು ಬೋಗಿ ಜನ. "ಕಾಗದಕ್ಕೆ ಮರ್ಯಾದೆ ಜಾಸ್ತಿ, ನಾವು ಬಿಟ್ಟಿ ಸಾಮಾನು" ಎಂದರು. ದೊಡ್ಡ ನದಿಗೆ ಆಗ ಸೇತುವೆಯೇ ಇರಲಿಲ್ಲ. ರೈಲು ದಡದವರೆಗೆ ಬಂದು ನಿಲ್ಲುತ್ತಿತ್ತು. ಜನರೆಲ್ಲ ಹಾಸಿಗೆ ಸುರುಳಿ, ಟ್ರಂಕು, ಕೂಸುಗಳನ್ನು ಹೊತ್ತು ಇಳಿದು ದೋಣಿಯಲ್ಲಿ ನದಿ ದಾಟಬೇಕಿತ್ತು. ಆ ದಡದಲ್ಲಿ ಇನ್ನೊಂದು ರೈಲು ಹೊಗೆ ಬಿಡುತ್ತಾ ಕಾಯುತ್ತಿರುತ್ತಿತ್ತು, ಅದಕ್ಕೂ ಇದೇ ಹೆಸರು. ಅಜ್ಜಿ ಹೊಸ ಮದುವಣಗಿತ್ತಿಯಾಗಿ ಹಾಗೆ ದಾಟಿದವರು. ಕಲ್ಲಿದ್ದಲ ಮಸಿಯ ಮಾತೆತ್ತಿ, "ಇಳಿಯೋ ಹೊತ್ತಿಗೆ ಎಲ್ಲಾರದ್ದೂ ಒಂದೇ ಬಣ್ಣ. ಅತ್ತೆ ಯಾರು ಸೊಸೆ ಯಾರು ಗೊತ್ತಾಗ್ತಿರಲಿಲ್ಲ, ಅದೊಂದೇ ಸುಖ" ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅಂದಿನ ರೈಲಿಗೂ ಇಂದಿನದಕ್ಕೂ ಏನು ವ್ಯತ್ಯಾಸ ಎಂದು ಎದುರು ಸೀಟಿನವರು ಕೇಳಿದ್ದಕ್ಕೆ ಅವರ ಉತ್ತರ: "ಹೆಸರು ಅದೇ, ಕೂಗು ಬೇರೆ. ಆಗ ಅತ್ತ ಹಾಗೆ ಕೂಗೋದು, ಈಗ ಬೈದ ಹಾಗೆ ಕೂಗುತ್ತೆ."

ನಿನ್ನೆ ಸಂಜೆ ಆ ಸೇತುವೆ ದಾಟಿದೆವು. ನೀರು ಎಷ್ಟು ಕೆಳಗಿತ್ತೆಂದರೆ ದೋಣಿಯೊಂದು ಬೇವಿನೆಲೆಯಷ್ಟು ಕಂಡಿತು. ಮೊದಲ ಕಂಬದಿಂದ ಕೊನೆಯ ಕಂಬದವರೆಗೆ ಚಕ್ರದ ಸದ್ದು ಬೇರೆಯೇ ಆಗಿತ್ತು, ಟೊಳ್ಳು ಪೆಟ್ಟಿಗೆಯ ಮೇಲೆ ಬೆರಳು ಬಡಿದ ಹಾಗೆ. ಇಷ್ಟು ಭಾರ, ಇಷ್ಟು ಜನ, ಇವರೆಲ್ಲರ ಬುತ್ತಿ, ಬಕೆಟ್ಟು, ಗೊರಕೆ, ಜಗಳ, ಎಲ್ಲವೂ ಗಾಳಿಯ ನಡುವೆ ಹಾದುಹೋಗುತ್ತಿವೆ ಎಂದು ಹೊಳೆದು ಕಿಟಕಿಯ ಸರಳು ಹಿಡಿದುಕೊಂಡೆ. ನನ್ನ ಪಕ್ಕದಾಕೆ ಮಾತ್ರ ಕಡ್ಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇದನ್ನು ನಡೆಸುವ ರೀತಿ. ರೈಲು ಎಂದರೆ ಒಬ್ಬರು ಓಡಿಸುತ್ತಾರೆ, ಉಳಿದವರು ಕೂತಿರುತ್ತಾರೆ ಎಂದುಕೊಂಡಿದ್ದೆ. ಇಡೀ ದಾರಿಯನ್ನು ಓಡಿಸುವವರು ಯಾರೂ ಇಲ್ಲವಂತೆ! ಒಬ್ಬರು ತಮಗೆ ಗೊತ್ತಿರುವ ತುಂಡು ದಾರಿಯನ್ನು ಓಡಿಸಿ, ಇಳಿದು, ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಗಾರ್ಡೂ ಬದಲಾಗುತ್ತಾರೆ. ಒಂದು ನಿಲ್ದಾಣದಲ್ಲಿ ಎರಡೂ ಬದಿಯಿಂದ ಜನ ಓಡಿಬಂದು ಬೋಗಿಗಳ ಹೊಟ್ಟೆಗೆ ಕೊಳವೆ ಸಿಕ್ಕಿಸಿ ನೀರು ತುಂಬಿದರು. ಒಬ್ಬರು ಪಿಸ್ತೂಲಿನಂಥದನ್ನು ಹಿಡಿದು ಒಂದೊಂದು ಚಕ್ರದ ಬುಡಕ್ಕೂ ಗುರಿಯಿಟ್ಟು ನಡೆದರು. ಎಲ್ಲಿ ಕಾದಿದೆ ಎಂದು ನೋಡುವುದಕ್ಕಂತೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ನಾವು ಈ ಕಡೆ ಹೋಗುವಾಗಲೇ ಇದೇ ಹೆಸರಿನ ಇನ್ನೊಂದು ರೈಲು ಎದುರಿನಿಂದ ಬಂದು, ಕಿಟಕಿಗಳೆಲ್ಲ ಒಂದೇ ಪಟ್ಟೆಯಾಗಿ ಕಾಣುವ ಹಾಗೆ, ಸರ್ರನೆ ದಾಟಿಹೋಯಿತು. ಅದರೊಳಗೂ ಯಾರೋ ಒಬ್ಬಳು ತಾಯಿ ಕೂತು ಮಗಳ ಚಿಂತೆ ಮಾಡುತ್ತಿದ್ದಳೇ? ನಾನು ಹೀಗೆ ಯೋಚಿಸುವವಳಲ್ಲ. ರೈಲಿನಲ್ಲಿ ಕೂತರೆ ಹೀಗಾಗುತ್ತದೋ ಏನೋ.

ಇವತ್ತು ಬೆಳಿಗ್ಗೆ ಚಾಲಕರು ಬದಲಾಗುವ ನಿಲ್ದಾಣದಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು. ನಾನು ಇಳಿದು ಎಂಜಿನ್ನಿನವರೆಗೂ ನಡೆದುಹೋದೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳುತ್ತಿದ್ದೇನೆ. ಎಂಜಿನ್ನಿನ ಪಕ್ಕದಲ್ಲಿ ನಿಂತರೆ ನೆಲ ಪಾದದೊಳಗೇ ಗುಂಯ್‌ಗುಡುತ್ತದೆ. ಎಷ್ಟು ಎತ್ತರ! ಹಿಂದೆ ತಿರುಗಿ ನೋಡಿದರೆ ಬಾಲವೇ ಕಾಣದು, ತಿರುವಿನಲ್ಲಿ ಮರೆಯಾಗಿತ್ತು. ಆ ಬದಿಯ ಕಿಟಕಿಯಲ್ಲಿ ತಲೆ ನರೆತ ಚಾಲಕರು ಕೂತಿದ್ದರು. ಈ ಬದಿಯ ಕಿಟಕಿಯಲ್ಲಿ ಒಬ್ಬಳು ಹುಡುಗಿ, ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಜಡೆಯನ್ನು ಕಾಲರಿನೊಳಗೆ ತುರುಕಿಕೊಂಡಿದ್ದಳು. ನಾನು ಬಾಯಿಬಿಟ್ಟು ನೋಡುತ್ತಿದ್ದದ್ದನ್ನು ಕಂಡು, "ಏನಮ್ಮಾ, ಯಾರನ್ನಾದ್ರೂ ಹುಡುಕ್ತಿದ್ದೀರಾ?" ಎಂದಳು. ಇಲ್ಲ ಎಂದೆ. ಅಷ್ಟರಲ್ಲಿ ದೂರದ ಸಿಗ್ನಲ್ ಬದಲಾಯಿತು. ಅವಳು ನನ್ನಿಂದ ಮುಖ ತಿರುಗಿಸಿ ಕೈ ಚಾಚಿ, "ಹಸಿರು!" ಎಂದು ಗಟ್ಟಿಯಾಗಿ ಕೂಗಿದಳು. ಚಾಲಕರೂ ಕೈ ಚಾಚಿ, "ಹಸಿರು!" ಎಂದರು. ಇಬ್ಬರಿಗೂ ಕಾಣುತ್ತಿದೆ, ಆದರೂ ಇಬ್ಬರೂ ಹೇಳಬೇಕು. ಅವಳು ಹೇಳಿದ್ದನ್ನು ಅವರು ಹೇಳದಿದ್ದರೆ ರೈಲು ಹೊರಡುವುದಿಲ್ಲ.

ಚಿನಕುರಳಿ, ನನ್ನ ಕೆಲಸ ನಿನಗೆ ಗೊತ್ತು. ದಿನವಿಡೀ ಕತ್ತಲೆ ಕೋಣೆಯಲ್ಲಿ ಜನರ ಕಣ್ಣು ಪರೀಕ್ಷಿಸುತ್ತಾ, "ಇದೇನು? ಈಗ? ಈಗ ಹೇಗೆ ಕಾಣುತ್ತೆ?" ಎಂದು ಕೇಳುವವಳು ನಾನು. ಎಂಥ ಒಳ್ಳೆಯ ಕಣ್ಣಾದರೂ ದಣಿಯುತ್ತದೆ, ತಾನು ನೋಡಬೇಕೆಂದದ್ದನ್ನೇ ನೋಡಿಬಿಡುತ್ತದೆ ಎಂಬುದು ನನಗೆ ದಿನಾ ಕಾಣುವ ಸಂಗತಿ. ಕೆಲಸಕ್ಕೆ ಅರ್ಜಿ ಹಾಕುವ ಮೊದಲು ನೀನು ನನ್ನ ಕುರ್ಚಿಯಲ್ಲೇ ಬಂದು ಕೂತಿದ್ದೆ. ಬಣ್ಣ ಗುರುತಿಸುವ ಪರೀಕ್ಷೆಯ, ಕೆಂಪು ಹಸಿರು ಚುಕ್ಕೆಗಳ ಆ ಚಿತ್ರಗಳನ್ನು ಒಂದೊಂದಾಗಿ ತಿರುವಿ ಹಾಕುವಾಗ ಮನಸ್ಸಿನಲ್ಲಿ ನಾನು ಏನು ಬಯಸುತ್ತಿದ್ದೆ ಎಂದು ಕೇಳಬೇಡ. ನೀನು ಒಂದನ್ನೂ ತಪ್ಪು ಹೇಳಲಿಲ್ಲ. ಈಗ ನೋಡಿದರೆ, ಒಬ್ಬರ ಕಣ್ಣನ್ನು ಪೂರ್ತಿ ನಂಬಬಾರದು ಎಂದು ಒಪ್ಪಿಕೊಂಡು, ಅದನ್ನೇ ನಿಯಮ ಮಾಡಿ, ನಾಚಿಕೆಯಿಲ್ಲದೆ ಕೂಗಿ ಹೇಳುವ ಕೆಲಸವೊಂದಿದೆ! ನಾವು ಮನೆಯಲ್ಲಿ ಹಾಗೆ ಮಾಡುತ್ತೇವೆಯೇ? ನಾನು "ಅಪಾಯ" ಎನ್ನುತ್ತೇನೆ, ನೀನು "ಕೆಲಸ" ಎನ್ನುತ್ತೀ. ಒಬ್ಬರ ಕಣ್ಣಿಗೆ ಬಿದ್ದದ್ದನ್ನು ಇನ್ನೊಬ್ಬರು ಬಾಯಲ್ಲಿ ಹೇಳಿದ್ದೇ ಇಲ್ಲ. ಅಜ್ಜಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕರು. "ನಿಮ್ಮ ಮಾವ ನಿದ್ದೇಲೂ ಕೂಗೋರು ಕಣೇ. ಕೆಂಪು ಅಂತ ಕೂಗಿ ನನ್ನ ಒದ್ದು ಬ್ರೇಕ್ ಹಾಕೋರು. ತಿರುಗಿ ನಾನೂ ಕೆಂಪು ಅಂದ್ರೇನೇ ಸುಮ್ಮನಾಗೋರು."

ಎಂಜಿನ್ನಿನ ಹತ್ತಿರದ ಬೋಗಿಗೇ ಹತ್ತಿಕೊಂಡು, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ನಮ್ಮ ಸೀಟಿನವರೆಗೆ ನಡೆದೆ. ಯಾರೋ ಇಸ್ಪೀಟು ಆಡುತ್ತಿದ್ದರು, ಯಾರೋ ಮಗುವಿಗೆ ಉಣಿಸುತ್ತಿದ್ದರು, ಒಬ್ಬರು ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕವನ್ನೇ ಹುಡುಕುತ್ತಿದ್ದರು. ಮಿಕ್ಕವರೆಲ್ಲ ನಿದ್ದೆ. ಬಾಯಿ ತೆರೆದು, ಕಾಲು ದಾರಿಗೆ ಚಾಚಿ, ಅಪರಿಚಿತರ ಹೆಗಲ ಮೇಲೆ ತಲೆಯಿಟ್ಟು, ಹಾಡುಹಗಲಲ್ಲಿ ಊರಿಗೆ ಊರೇ ಮಲಗಿತ್ತು. ಮುಂದೆ ಎಂಜಿನ್ನಿನಲ್ಲಿ ಕೂತವರ ಮುಖವನ್ನು ಇವರಲ್ಲಿ ಯಾರೂ ನೋಡಿಲ್ಲ, ನೋಡುವುದೂ ಇಲ್ಲ. ಇಷ್ಟು ನಂಬಿಕೆಯನ್ನು ಒಂದೇ ಕಡೆ ರಾಶಿ ಹಾಕಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಸೋಮವಾರ ಇಂಥ ರಾಶಿಯ ಮುಂದೆ ನೀನು ಕೂರುತ್ತೀ ಎಂದುಕೊಂಡಾಗ ನನಗಾದದ್ದು ಭಯವೋ, ಇನ್ನೇನೋ? ಭಯವೇ ಇರಬೇಕು. ಆದರೆ ಅದು ನಾನು ಮನೆಯಿಂದ ಕಟ್ಟಿಕೊಂಡು ಬಂದ ಭಯವಲ್ಲ.

ಅಜ್ಜಿಯ ವಿಷಯ ಒಂದು ಹೇಳಿಬಿಡುತ್ತೇನೆ. ನಿನ್ನನ್ನು ಕರೆತರುವುದರಲ್ಲಿ ನನ್ನ ಬೆನ್ನಿಗೆ ನಿಲ್ಲುತ್ತೇನೆ ಎಂದು ಹೊರಟವರು, ಬೋಗಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಮೊಮ್ಮಗಳು ರೈಲು ಓಡಿಸ್ತಾಳೆ" ಎಂದು ಸಾರಿದ್ದಾರೆ. ಯಾರೋ "ಹೆಣ್ಣುಮಗಳಾ?" ಎಂದರೆ, "ಗಂಡಸು ಓಡಿಸಿದ್ರೆ ಬೇರೆ ಹಳಿ ಮೇಲೆ ಹೋಗುತ್ತೇನಪ್ಪಾ?" ಎಂದು ಕೇಳಿದರು. ನಾನು ಗುರಾಯಿಸಿ ನೋಡಿದ್ದಕ್ಕೆ, "ಸುಮ್ನೆ ಹೊತ್ತು ಕಳೆಯೋಕೆ ಹೇಳ್ದೆ ಬಿಡು" ಎಂದು ಕಿಟಕಿ ಕಡೆ ತಿರುಗಿಕೊಂಡರು.

ಈಗ ಜಂಕ್ಷನ್ ಹತ್ತಿರ ಬರುತ್ತಿದೆ. ಅಲ್ಲಿ ಈ ರೈಲನ್ನು ಎರಡು ಮಾಡುತ್ತಾರೆ. ಮುಂದಿನ ಅರ್ಧ ಕಡಲ ಕಡೆ ಹೋಗುತ್ತದೆ. ಹಿಂದಿನ ಅರ್ಧಕ್ಕೆ ಬೇರೆ ಎಂಜಿನ್ ಸಿಕ್ಕಿಸಿ ಗುಡ್ಡದ ಕಡೆಗೆ, ನಿನ್ನ ಊರಿಗೆ, ಕಳಿಸುತ್ತಾರೆ. ನಮ್ಮ ಸೀಟು ಹಿಂದಿನ ಅರ್ಧದಲ್ಲಿದೆ. ಊಟದ ಬೋಗಿ ಮುಂದಿನ ಅರ್ಧದ್ದು. ಹಾಗಾಗಿ ಗುಡ್ಡದ ಕಡೆಯವರೆಲ್ಲ ಕೊನೆಯ ಚಹಾಕ್ಕೆಂದು ಇಲ್ಲಿಗೆ ಬರುತ್ತಾರೆ, ಪ್ರತಿ ಸಲವೂ ಯಾರಾದರೊಬ್ಬರು ಮಾತಿನ ಭರದಲ್ಲಿ ಕೂತೇ ಇದ್ದು ಕಡಲಿಗೆ ಹೋಗಿಬಿಡುತ್ತಾರೆ. ಇಲ್ಲಿ ಚಹಾ ಕೊಡುವವರನ್ನು ಎಲ್ಲರೂ ಮಾವ ಎಂದು ಕರೆಯುತ್ತಾರೆ. ಹಾಗೆ ತಪ್ಪಿ ಕಡಲಿಗೆ ಹೋದವರಿಗೆ ಅವರು ಇಟ್ಟ ಹೆಸರು "ಅರ್ಧದವರು". "ಒಂದ್ಸಲ ಮದುಮಗ ಗುಡ್ಡಕ್ಕೆ ಹೋದ, ಅವರಪ್ಪ ಕಡಲಿಗೆ ಹೋದ್ರು ನೋಡಿ. ಮದುವೆ ಮಾತ್ರ ಭಾಳ ಚೆನ್ನಾಗಾಯ್ತಂತೆ" ಎಂದು ಲೋಟ ತೊಳೆಯುತ್ತಾ ನಗುತ್ತಿದ್ದಾರೆ.

ಬರೆಯಬೇಕೆಂದಿದ್ದ ಕಾರಣಗಳೆಲ್ಲ ಮೇಲೆ ನಾಲ್ಕೇ ಸಾಲಿನಲ್ಲಿ ಮುಗಿದುಹೋಗಿವೆ. ಅವೆಲ್ಲ ಈಗಲೂ ನಿಜ, ಒಂದೂ ಸುಳ್ಳಾಗಿಲ್ಲ. ನಾಳೆ ನಿನ್ನ ಮುಂದೆ ಏನು ಹೇಳುತ್ತೇನೋ ನನಗೇ ತಿಳಿಯದು.

ನಿನ್ನ ಕಣ್ಣು ಚೆನ್ನಾಗಿರಲಿ, ನಿದ್ದೆ ಚೆನ್ನಾಗಿ ಬರಲಿ, ನಿನ್ನ ಜೊತೆ ಕೂರುವವರು ಒಳ್ಳೆಯವರಾಗಿರಲಿ.

ನಿನ್ನ
ಅಮ್ಮ

ಮರೆತಿದ್ದು: ಜಂಕ್ಷನ್ ಬಂತು. "ಗುಡ್ಡದ ಕಡೆಯೋರು ಹಿಂದಕ್ಕೆ ಹೋಗಿ" ಎಂದು ಮಾವ ಎರಡು ಸಲ ಕೂಗಿ ಆಯಿತು. ನನಗೆ ಕೇಳಿಸಿತು. ನಾನು ಏಳಲಿಲ್ಲ. ನಾನು ಬಂದರೆ ಅಳುತ್ತೇನೆ, ಅತ್ತರೆ ನೀನು ಚೀಲ ಕಟ್ಟಿಕೊಂಡು ಹೊರಟುಬರುತ್ತೀ. ಅದಕ್ಕೇ ಬರುತ್ತಿಲ್ಲ. ಮಾವ ಅಜ್ಜಿಗೆ ಫ್ಲಾಸ್ಕಿನಲ್ಲಿ ಚಹಾ ತಲುಪಿಸಲು ಹೋಗುತ್ತಿದ್ದಾರೆ, ಅವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ನಾಳೆ ಸ್ಟೇಷನ್ನಿಗೆ ಬಂದು ಅಜ್ಜಿಯನ್ನು ಇಳಿಸಿಕೋ ಎಂದು ನಿಮ್ಮಪ್ಪನಿಂದ ನಿನಗೆ ಫೋನ್ ಮಾಡಿಸುತ್ತೇನೆ, ಪತ್ರವನ್ನು ಅಜ್ಜಿಯೇ ನಿನ್ನ ಕೈಗೆ ಕೊಡುತ್ತಾರೆ. ನನ್ನ ಬಟ್ಟೆಯೂ ಅಜ್ಜಿಯ ಹತ್ತಿರವೇ ಉಳಿಯಿತು, ಪರವಾಗಿಲ್ಲ. ಅವರು ಕೂಗಾಡಿದರೆ, ಅಮ್ಮ ಮರೆತು ಕೂತುಬಿಟ್ಟಳಂತೆ ಎನ್ನು. ನಂಬುವುದಿಲ್ಲ, ಆದರೂ ಎನ್ನು. ಕೆಳಗೆ ಕೊಂಡಿ ಬಿಚ್ಚುತ್ತಿದ್ದಾರೆ, ಮಾವ ಕೈ ಚಾಚಿ ನಿಂತಿದ್ದಾರೆ. ಸೋಮವಾರ ಕೆಲಸಕ್ಕೆ ಹೋಗು. ಭಯವಾದರೆ ನನಗೆ ಹೇಳಬೇಡ, ಅಜ್ಜಿಗೆ ಹೇಳು. ಅವರು ಅಳುವುದಿಲ್ಲ.