ಊಟ ಆಯ್ತಾ? ಒಂದು, ಎರಡು, ಮೂರು, ನಾಲ್ಕು

ಹಾರ್ಲೆಮ್
ಏಪ್ರಿಲ್ 2021

ಸಂದೀಪ,

ಮೊದಲು 'ಪ್ರಿಯ' ಅಂತ ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನ್ನ ಕಣ್ಣಿಗೆ ಬೀಳಲಿ ಅಂತಲೇ ಇದನ್ನು ಮೇಲ್ ಮಾಡದೆ ಅಂಚೆಗೆ ಹಾಕುತ್ತಿದ್ದೇನೆ. ಮೇಲ್ ಆದರೆ ನೀನು ಬೇಕಾದಷ್ಟು ಮಾತ್ರ ಓದಿ ಮಿಕ್ಕಿದ್ದನ್ನು ಅಳಿಸುತ್ತೀಯ. ನಿನ್ನ ಅಭ್ಯಾಸ ನನಗೆ ಗೊತ್ತು.

ಶನಿವಾರ ನೀನು ಮಾಡಿದ ನಮ್ಮ ಆಲ್ಬಮ್ಮಿನ ಮಿಕ್ಸ್ ಬಂತು. ಜೊತೆಗೆ ಮೆಸೇಜು: 'ಸೂಪರ್ ಕ್ಲೀನ್ ಆಗಿದೆ ಅಕೀಲಾ, ಒಂದು ಚೂರೂ ನಾಯ್ಸ್ ಇಲ್ಲ. ನೀನು ಓಕೆ ಅಂದ್ರೆ ಶುಕ್ರವಾರ ರಿಲೀಸ್‌ಗೆ ಕಳಿಸ್ತೀನಿ.' ಎಂಟು ಹಾಡನ್ನೂ ನದಿ ಪಕ್ಕ ನಡೆಯುತ್ತಾ ಕೇಳಿದೆ. ನಿನ್ನ ಗಿಟಾರ್ ಚೆನ್ನಾಗಿದೆ. ನನ್ನ ದನಿ ನನ್ನದಕ್ಕಿಂತ ಚೆನ್ನಾಗಿದೆ. ಮುನೀಬನ ಡ್ರಮ್ಸ್ ಗಡಿಯಾರ ಇಟ್ಟ ಹಾಗೆ ನಡೆದಿದೆ. ಅಷ್ಟೂ ಹಾಡಿನಲ್ಲಿ ಮುನೀಬ ಮಾತ್ರ ಎಲ್ಲೂ ಇರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಎದ್ದು ಹೋದರು.

ಏಳು ವರ್ಷ ಮೂವರೂ ಸೇರಿ ನಡೆಸಿದ ಬ್ಯಾಂಡು. ನಾವು ನುಡಿಸುವ ಆಲ್ಟರ್ನೇಟಿವ್ ಕಂಟ್ರಿ ಅಂದರೇನು ಅಂತ ಕೇಳಿದವರಿಗೆಲ್ಲ ಮುನೀಬನದು ಒಂದೇ ಉತ್ತರ: 'ಅಮೆರಿಕದ ಹಳ್ಳಿ ಹಾಡು ಸಾರ್, ಸ್ವಲ್ಪ ಕೆಟ್ಟುಹೋಗಿದೆ. ನಾವು ಕನ್ನಡದಲ್ಲಿ ಇನ್ನೂ ಸ್ವಲ್ಪ ಕೆಡಿಸ್ತೀವಿ.' ಹೆಸರಿಟ್ಟವನೂ ಅವನೇ. ಇಲ್ಲಿನ ಡಚ್ಚರು ಸಮುದ್ರ ತಡೆಯಲು ಕಟ್ಟಿದ ಒಡ್ಡಿನ ಮೇಲೆ ಸೈಕಲ್ ನಿಲ್ಲಿಸಿ, 'ಇದು ನಮ್ಮೂರ ಕೆರೆ ಏರಿನೇ ಕಣ್ರೋ, ಎಮ್ಮೆ ಒಂದಿಲ್ಲ ಅಷ್ಟೆ' ಅಂದಿದ್ದ. ಅವತ್ತಿನಿಂದ ನಾವು 'ಕೆರೆ ಏರಿ' ಆದೆವು.

ಹೋದ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ರಿಹರ್ಸಲ್ ರೂಮಿಗೆ ಬೀಗ ಬಿದ್ದಾಗ, ಮನೆಮನೆಯಲ್ಲೇ ಕೂತು ಮೂರನೇ ಆಲ್ಬಮ್ ಮಾಡೋಣ ಅಂದವನು ನೀನು. ನೀನು ಬೈಟನ್‌ವೆಲ್ಡರ್ಟಿನ ಫ್ಲಾಟಿನಲ್ಲಿ. ನಾನು ಇಲ್ಲಿ ಬೀರುವಿನೊಳಗೆ ಚಳಿಗಾಲದ ಕೋಟುಗಳ ನಡುವೆ ತಲೆ ತೂರಿಸಿಕೊಂಡು. ಮುನೀಬ ಜೂಟರ್‌ಮೀರಿನ ಅಪಾರ್ಟ್‌ಮೆಂಟಿನ ಕೆಳಗೆ, ಸೈಕಲ್ ಇಡುವ ಕೋಣೆಯಲ್ಲಿ. ನಿಯಮವನ್ನೂ ನೀನೇ ಮಾಡಿದೆ. ಮೊದಲು ಅವನು ಬಾರಿಸಿ ಕಳಿಸಬೇಕು, ಅದನ್ನು ಕಿವಿಗೆ ಹಾಕಿಕೊಂಡು ನಾನು ಹಾಡಬೇಕು, ಕೊನೆಗೆ ನಿನ್ನ ಗಿಟಾರ್. ಪ್ರತಿ ಫೈಲಿನ ಶುರುವಿನಲ್ಲಿ ಬಾಯಿಬಿಟ್ಟು ನಾಲ್ಕು ಎಣಿಸಿ ಒಂದು ಚಪ್ಪಾಳೆ ತಟ್ಟಬೇಕು. ಆ ಚಪ್ಪಾಳೆ ಹಿಡಿದು ನೀನು ಮೂವರನ್ನೂ ಒಂದೇ ತಾಳಕ್ಕೆ ಕೂರಿಸುತ್ತಿದ್ದೆ.

ಮುನೀಬನಿಗೆ ಸುಮ್ಮನೆ ಎಣಿಸಲು ಬರುತ್ತಿರಲಿಲ್ಲ, ನೆನಪಿದೆಯಲ್ಲ? ರೆಕಾರ್ಡ್ ಒತ್ತಿದ ಕೂಡಲೇ ನಾವೇ ಎದುರು ಬಂದು ಕೂತಂತೆ 'ಊಟ ಆಯ್ತಾ?' ಅನ್ನುತ್ತಿದ್ದ. ಉತ್ತರಕ್ಕೆ ಒಂದು ಗಳಿಗೆ ಕಾಯುತ್ತಿದ್ದ. ಆಮೇಲೆ ಒಂದು, ಎರಡು, ಮೂರು, ನಾಲ್ಕು, ಚಪ್ಪಾಳೆ. ಎಂಟು ಹಾಡಿಗೂ ಹಾಗೇ. ಹಾಡು ಅಂದರೆ ಮೈಲು ದೂರ ಓಡುತ್ತಿದ್ದವನು ಈ ಆಲ್ಬಮ್ಮಿಗಾಗಿ ಬಾಯಿ ಬಿಟ್ಟಿದ್ದು ಅಷ್ಟೇ.

ಡಿಸೆಂಬರ್‌ನಲ್ಲಿ ಅವನ ಪಾಲಿನದು ಮುಗಿಯಿತು. ಜನವರಿಯಲ್ಲಿ ಜ್ವರ ಬಂತು. ಫೆಬ್ರವರಿ ಎರಡನೇ ವಾರ ಮಣ್ಣು ಮಾಡಿದೆವು. ರುಮಾನಾಳನ್ನು ತಬ್ಬಿಕೊಳ್ಳುವ ಹಾಗೂ ಇರಲಿಲ್ಲ. ಗಂಡನನ್ನು ಕಳೆದುಕೊಂಡವಳು ಕೈ ಕಟ್ಟಿಕೊಂಡು ಒಬ್ಬಳೇ ನಿಂತಿದ್ದಳು. ನೀನು ಒಂದೂವರೆ ಮೀಟರ್ ದೂರದಿಂದ 'ಆಲ್ಬಮ್ ಮುಗಿಸೋಣ, ಇದೇ ಕೊನೇದು' ಅಂದೆ. ನಾನು ಹೂಂ ಅಂದೆ. ಈ ಏಳು ವರ್ಷದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದ್ದು ಅದೊಂದೇ ಇರಬೇಕು.

ಮಾರ್ಚ್‌ನಲ್ಲಿ ರುಮಾನಾ ಫೋನ್ ಮಾಡಿದಳು. 'ಆಪಾ, ಜವೇರಿಯಾ ಪಪ್ಪನ ಆವಾಜ್ ಕೇಳ್ಬೇಕು ಅಂತಾಳೆ. ಹಳೇ ಫೋನ್ ನೀರಿಗೆ ಬಿದ್ದು ಹೋಯ್ತಲ್ಲ, ಈಗ ನನ್ ಹತ್ರ ಇರೋದು ಅವ್ರು ಆಸ್ಪತ್ರೆಯಿಂದ ಕಳ್ಸಿದ ವಾಯ್ಸ್ ಮೆಸೇಜ್ ಮಾತ್ರ. ಆ ಏದುಸಿರನ್ನ ಮಗುಗೆ ಹೆಂಗೆ ಕೇಳಿಸ್ಲಿ?' ನನಗೆ ತಕ್ಷಣ ನೆನಪಾಗಿದ್ದು ಆ ಎಣಿಕೆಗಳು. ಅವನು ರೆಕಾರ್ಡ್ ಮಾಡುತ್ತಿದ್ದುದು ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಅದನ್ನು ವಾಪಸ್ ಕೊಟ್ಟಾಗಿತ್ತು, ಎಲ್ಲ ಅಳಿಸಿ ಬೇರೆಯವರ ಕೈ ಸೇರಿಯೂ ಆಗಿತ್ತು. ಪರವಾಗಿಲ್ಲ, ಸಂದೀಪನ ಹತ್ತಿರ ಇರುತ್ತದೆ ಅಂತ ರುಮಾನಾಳಿಗೆ ಧೈರ್ಯ ಹೇಳಿದೆ.

ನಿನಗೆ ಫೋನ್ ಮಾಡಿದಾಗ ನೀನು ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಓದಿಕೋ. 'ಅಲೈನ್ ಆದ್ಮೇಲೆ ಕೌಂಟ್ ಎಲ್ಲ ಟ್ರಿಮ್ ಮಾಡ್ಬಿಟ್ಟೆ. ಒರಿಜಿನಲ್ಸ್ ಡಿಲೀಟ್ ಮಾಡ್ದೆ, ಡಿಸ್ಕ್ ಫುಲ್ ಆಗಿತ್ತು. ಅದ್ರಲ್ಲಿ ಮ್ಯೂಸಿಕ್ ಏನೂ ಇರ್ಲಿಲ್ವಲ್ಲ ಅಕೀಲಾ.' ಯಾವಾಗ ಅಂತ ಕೇಳಿದೆ. ನೀನು ಫೆಬ್ರವರಿ ಕೊನೆ ಅಂದೆ. ಅಂದರೆ ಅವನನ್ನು ಮಣ್ಣಿಗಿಟ್ಟು ಎರಡು ವಾರಕ್ಕೆ! ಮನಸ್ಸಾದರೂ ಹೇಗೆ ಬಂತು ಮಾರಾಯ? ಒಂದು ಹೊಸ ಡಿಸ್ಕ್ ತರಿಸಲು ನಿನ್ನ ಕೈಗೇನಾಗಿತ್ತು? ಅವನ ದನಿ ಕೇಳಲಾಗದೆ ಅಳಿಸಿದೆಯೇನೋ ಅಂತಲೂ ಯೋಚಿಸಿ ನೋಡಿದ್ದೇನೆ. ಹಾಗಿದ್ದರೆ ಹಾಗೆಂದು ಹೇಳಬೇಕಿತ್ತು, ಫೋನಿನಲ್ಲೇ ಇಬ್ಬರೂ ಅಳುತ್ತಿದ್ದೆವು. ಡಿಸ್ಕ್ ಫುಲ್ ಅನ್ನಬಾರದಿತ್ತು.

ನಾನೇನೂ ಸಾಚಾ ಅಲ್ಲ. ಅವನು ನನಗೂ ಲಿಂಕ್ ಕಳಿಸುತ್ತಿದ್ದ, ಏಳು ದಿನಕ್ಕೆ ಸತ್ತುಹೋಗುವ ಲಿಂಕು. ಫೋನಿಗೆ ಇಳಿಸಿಕೊಂಡು, ಹಾಡಿ ಮುಗಿಸಿ, ಜಾಗ ಸಾಲದೆಂದು ನಾನೂ ಅಳಿಸಿದ್ದೆ. ಆದರೆ ಆಗ ಅವನು ಬದುಕಿದ್ದ. ಆ ವ್ಯತ್ಯಾಸವನ್ನು ನಾನು ಬಿಟ್ಟುಕೊಡುವುದಿಲ್ಲ.

ಈಗ ನಿನ್ನ ಕ್ಲೀನ್ ಮಿಕ್ಸಿನ ವಿಷಯಕ್ಕೆ ಬರುತ್ತೇನೆ. ಹೋದ ಜೂನ್‌ನಲ್ಲಿ ಮೊದಲ ಹಾಡು ಹಾಡಿ ಕಳಿಸಿದಾಗ ನೀನು ಉಗಿದದ್ದು ನೆನಪಿದೆಯಾ? 'ನಿನ್ನ ಹೆಡ್‌ಫೋನ್ ಲೀಕ್ ಆಗ್ತಿದೆ, ಡ್ರಮ್ಸ್ ಎಲ್ಲ ನಿನ್ನ ಮೈಕಲ್ಲಿ ಕೇಳ್ತಿದೆ, ಟೇಕ್ ವೇಸ್ಟು.' ನಿಜ, ಆಫೀಸ್ ಮೀಟಿಂಗಿನ ಅಗ್ಗದ ಹೆಡ್‌ಫೋನು, ಕಿವಿಗೆ ಬಂದದ್ದೆಲ್ಲ ಹೊರಗೂ ಸೋರುತ್ತಿತ್ತು. ಹೊಸದು ಕೊಂಡು ಮತ್ತೆ ಹಾಡಿದೆ. ಆದರೆ ನೀನು ಬೇಡವೆಂದ ಟೇಕುಗಳನ್ನು ನಾನು ಒಂದನ್ನೂ ಅಳಿಸುವುದಿಲ್ಲ, ಬರೀ ಹಟಕ್ಕೆ. 'ಸಂದೀಪನ ಕಸ' ಅಂತ ಒಂದು ಫೋಲ್ಡರೇ ಇದೆ. ಭಾನುವಾರ ಆ ಸಿಟ್ಟಿನಲ್ಲೇ ಅದನ್ನು ತೆರೆದೆ. ಆ ಸೋರಿದ ಟೇಕಿನಲ್ಲಿ, ನಾನು ಹಾಡು ಎತ್ತಿಕೊಳ್ಳುವ ಮುಂಚಿನ ಖಾಲಿ ಜಾಗದಲ್ಲಿ ದನಿ ಏರಿಸಿ ಕೇಳಿದೆ. ಸಣ್ಣಗೆ, ತಗಡಿನ ಡಬ್ಬಿಯೊಳಗಿಂದ ಬಂದಂತೆ, ಆದರೆ ಏದುಸಿರಿಲ್ಲದೆ: 'ಊಟ ಆಯ್ತಾ?' ಒಂದು ಗಳಿಗೆ ಬಿಟ್ಟು ಜೋರಾಗಿ ನನ್ನ ಸಿಡುಕು, 'ಆಯ್ತು, ಎಣಿಸೋ ಸಾಕು!' ಕೋಟುಗಳ ನಡುವೆ ಕೂತು ತುಂಬಾ ಹೊತ್ತು ಅತ್ತೆ.

ನಿನ್ನೆ ಜೂಟರ್‌ಮೀರಿಗೆ ಹೋಗಿದ್ದೆ. ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಅಂತ ನಿಯಮ ಇದೆಯಲ್ಲ, ನಿನ್ನೆಯ ಅತಿಥಿ ನಾನು. ಅದೇ ಹಾಳು ಹೆಡ್‌ಫೋನನ್ನು ಜವೇರಿಯಾಳ ಕಿವಿಗೆ ಹಾಕಿ ಹಚ್ಚಿದೆ. ಎಂಟು ವರ್ಷದ ಹುಡುಗಿ ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಅವನು ಕೇಳಿದ, ಕಾಯ್ದ. ಅವಳು ಸರಾಗವಾಗಿ 'ನೇ, ನೊಖ್ ನೀಟ್' ಅಂದಳು. ಇಲ್ಲ, ಇನ್ನೂ ಇಲ್ಲ ಅಂತ. ಅವನು ದಖನಿಯಲ್ಲೋ ಕನ್ನಡದಲ್ಲೋ ಕೇಳುವುದು, ಅವಳು ಡಚ್ಚಿನಲ್ಲಿ ಹೇಳುವುದು, ಆ ಮನೆಯಲ್ಲಿ ಯಾವಾಗಲೂ ಹಾಗೇ ತಾನೇ? ರುಮಾನಾ ಎದ್ದು ಅಡುಗೆಮನೆಗೆ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡು ಬಂದಳು. ಜವೇರಿಯಾ ಇನ್ನೊಮ್ಮೆ ಹಚ್ಚಲು ಹೇಳಿದಳು.

ಆದ್ದರಿಂದ ಕೇಳು. ಮೊದಲ ಹಾಡಿನಲ್ಲಿ ನನ್ನ ಕ್ಲೀನ್ ಟೇಕ್ ತೆಗೆದು ಈ ಸೋರುವ ಟೇಕ್ ಹಾಕು. ಅವನ ಪ್ರಶ್ನೆ, ನನ್ನ ಸಿಡುಕು, ನಾಲ್ಕು ಎಣಿಕೆ, ಚಪ್ಪಾಳೆ, ಎಲ್ಲ ಇರಬೇಕು. ಒಂದು ಚೂರೂ ತೊಳೆಯಬೇಡ. ಆಗಲ್ಲ ಅಂದರೆ ಎಂಟೂ ಹಾಡಿನಿಂದ ನನ್ನ ದನಿ ತೆಗೆ, ಅದು ನಿನಗೆ ಚೆನ್ನಾಗಿ ಬರುತ್ತದೆ. ಶುಕ್ರವಾರ ಗಿಕ್ರವಾರ ಎಲ್ಲ ಆಮೇಲೆ.

ಪೆನ್‌ಡ್ರೈವ್ ಈ ಲಕೋಟೆಯಲ್ಲೇ ಇದೆ. ಇನ್ನೊಂದು ನನ್ನ ಹತ್ತಿರ, ಮತ್ತೊಂದು ರುಮಾನಾಳ ಹತ್ತಿರ. ನಿನ್ನನ್ನು ನಂಬಿ ಒಂದೇ ಪ್ರತಿ ಕಳಿಸುವಷ್ಟು ಪೆದ್ದಿ ನಾನಲ್ಲ. ಒಬ್ಬನೇ ಕೂತು ಕೇಳು. ಅವನು ಕೇಳಿ ಒಂದು ಗಳಿಗೆ ಕಾಯುತ್ತಾನೆ. ಈ ಸಲ ಮೌಸ್ ಮುಟ್ಟುವ ಮೊದಲು ಅವನಿಗೆ ಉತ್ತರ ಕೊಡು.

ನನ್ನ ಕೋಪ ಇಳಿದಿಲ್ಲ, ಬೇಗ ಇಳಿಯುವುದೂ ಇಲ್ಲ. ಆದರೂ ಹೊತ್ತಿಗೆ ಸರಿಯಾಗಿ ಉಂಡು, ಆರೋಗ್ಯವಾಗಿರು.

ಅಕೀಲಾ