ಮಳೆ ಬಂದ ಮೇಲಿನ ಗೋಡೆಯ ಬಣ್ಣ

ಬೊಯ್ಸುನ್,
ಅಕ್ಟೋಬರ್ 9

ಪ್ರೀತಿಯ ಮುನಿಸಾಜಾನ್,

ಸೆಪ್ಟೆಂಬರ್ ಎರಡರಂದು, ಶಾಲೆ ಶುರುವಾದ ದಿನವೇ, ಹೊಸ ಅಕ್ಷರಪುಸ್ತಕದಲ್ಲಿ ನಮ್ಮ ಒಂದನೇ ತರಗತಿಯ ಮಕ್ಕಳಿಗೆ ಬೇರೆ ಯಾರದೋ ಮುಖ ಅಂಟಿಸಿ ಕಳಿಸಿದರು ನಿನ್ನ ತಾಷ್ಕೆಂಟಿನ ಪ್ರಕಾಶಕರು. ಮೊದಲು ಇದನ್ನು ಬರೆದರೇ ನನಗೆ ಸಮಾಧಾನ. ಕುಶಲದ ಮಾತು ಆಮೇಲೆ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಪ್ರಕಾಶನದವರು ಲಿಖಿತವಾಗಿ ಏನಾದರೂ ಹೇಳಿಯಾರು, ಅದನ್ನೂ ಸೇರಿಸಿ ಬರೆಯೋಣ ಎಂದು ಕಾದೆ. ಅವರು ಹೇಳಲಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈ ಸಲ ದಾಳಿಂಬೆ ಬಿರಿಯದೆ ಕೈಗೆ ಬಂದಿದೆ; ಒಂದು ಪೆಟ್ಟಿಗೆ ಬಸ್ಸಿನಲ್ಲಿ ಕಳಿಸುತ್ತೇನೆ, ಇಳಿಸಿಕೋ.

ನೀನು ಸಾಲುಸಾಲಿಗೂ ಕ್ಷಮೆ ಕೇಳಿದ್ದೀಯೆ. ಯಾವುದಕ್ಕೆ? ಏಪ್ರಿಲ್‌ನಲ್ಲಿ ಆ ಪುಸ್ತಕಕ್ಕೆ ಚಿತ್ರ ಬರೆಯಲು ನೀನು ಟ್ಯಾಬ್ಲೆಟ್ ಹಿಡಿದು ಬಂದ ವಾರವನ್ನು ನಾನು ಮರೆತಿಲ್ಲ. ನಾನು ನಿವೃತ್ತಳಾದರೂ ಶಾಲೆಯ ಗ್ರಂಥಾಲಯದ ಬೀಗದ ಕೈ ನನ್ನ ಹತ್ತಿರವೇ ಇದೆ ಎಂದು ಎಲ್ಲರೂ ನಗುತ್ತಾರಲ್ಲ, ಆ ಕೋಣೆ ಅಷ್ಟು ಗಲಾಟೆಯಾಗಿದ್ದು ಅದೇ ಮೊದಲು. ಆಗ ಇನ್ನೂ ಶಿಶುವಿಹಾರದಲ್ಲಿದ್ದ ಮಕ್ಕಳು ಅಕ್ಕಾ, ಅಪಾ ಎನ್ನುತ್ತ ನಿನ್ನ ಬೆನ್ನ ಮೇಲೇ ಹತ್ತಿದ್ದರು. ಚಿತ್ರ ಬರೆಯುವ ಆ ಆ್ಯಪ್‌ನಲ್ಲಿ ಮೊದಲೇ ಜೋಡಿಸಿಟ್ಟ ಬಣ್ಣದ ಸಾಲೊಂದಿತ್ತು, ಹೆಸರು ‘ಚರ್ಮ’. ಎಲ್ಲ ಚೌಕಗಳೂ ತೆಳು ಗುಲಾಬಿ.

“ಇದು ಯಾರ ಚರ್ಮ, ಅಪಾ? ಮೂಲಂಗೀದಾ?” ಎಂದ ಅವರಲ್ಲೊಬ್ಬ, ಸರ್ದೋರ್.

“ಹೂಂ ಕಣೋ, ಸುಲಿದ ಮೂಲಂಗೀದೇ. ಅದಕ್ಕೇ ನಿಮ್ಮದೇ ಒಂದು ಸಾಲು ಮಾಡೋಣ ಅಂತ ಬಂದಿದೀನಿ” ಎಂದೆ ನೀನು.

ಒಂದೊಂದು ಫೋಟೋ ತೆಗೆದು ಅದರಿಂದ ಬಣ್ಣ ಎತ್ತಿಕೊಂಡರೆ ಸಾಲದೇ ಎಂದು ಈ ನಿನ್ನ ದೊಡ್ಡಮ್ಮ ಕೇಳಿದ್ದಕ್ಕೆ ನೀನು ನಕ್ಕಿದ್ದೆ. “ಈ ಫೋನಿಗೆ ಮರ್ಯಾದೆ ಜಾಸ್ತಿ, ಖೋಲಾ. ತೋರಿಸೋಕೆ ಮುಂಚೆ ಎಲ್ಲರ ಮುಖಾನೂ ಸೋಪು ಹಾಕಿ ತೊಳೆದುಬಿಡುತ್ತೆ.”

ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ನೀನು ಒಬ್ಬೊಬ್ಬರನ್ನೇ ಕೂರಿಸಿದೆ. ಮುಂಗೈಯನ್ನು ತೆರೆಗೆ ತಾಗಿಸಿ ಹಿಡಿದು, ಬಣ್ಣವನ್ನು ಬೆರಳಿನಿಂದ ಅಷ್ಟಷ್ಟೇ ಸರಿಸುತ್ತ ಹೋದೆ. ಇನ್ನಷ್ಟು ಕೆಂಪು, ಇನ್ನಷ್ಟು ಮಬ್ಬು. ಕೈ ಎಲ್ಲಿ ಮುಗಿಯಿತು, ತೆರೆ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾದ ಕೂಡಲೇ ಮಕ್ಕಳು ಹೋ ಎಂದು ಕಿರುಚುತ್ತಿದ್ದರು. ಆ ಬಣ್ಣ ಚೌಕದಲ್ಲಿ ಕೂತ ಮೇಲೆ ಪಕ್ಕದಲ್ಲಿ ಬಿಸಿಲಿಗೊಂದು, ನೆರಳಿಗೊಂದು. ಹೆಸರನ್ನು ಮಾತ್ರ ಅವರವರೇ ಇಡಬೇಕು ಎಂದೆ. ಸರ್ದೋರ್ ತನ್ನದಕ್ಕೆ ‘ತಂದೂರಿಗೆ ಅಂಟಿದ ಕಡೆಯ ನಾನ್’ ಎಂದು ಇಟ್ಟ.

ಹೆಸರು ಕೇಳಿದಾಗ ನನ್ನ ಮೊಮ್ಮಗಳು ಅನ್ಬರ್ ಮುಂಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು. ತರಗತಿಗೆಲ್ಲ ಅವಳೇ ಕಪ್ಪು. ಮದುವೆಮನೆಗಳಲ್ಲಿ ನಮ್ಮ ನೆಂಟರು, “ಈ ಬಾಣಲೆ ತಳಕ್ಕೆ ಗಂಡು ಎಲ್ಲಿಂದ ತರ್ತೀರ್ರೀ?” ಎಂದು ನಗುವುದನ್ನು ನೀನೂ ಕೇಳಿದ್ದೀಯೆ. ತನ್ನ ಚಿತ್ರ ಬರೆದುಕೊಂಡರೆ ಅಂಗಿಗೆ ಬಣ್ಣ ಹಚ್ಚಿ ಮುಖವನ್ನು ಖಾಲಿ ಬಿಡುತ್ತಿದ್ದ ಹುಡುಗಿ. ನೀನು ಅವಸರ ಮಾಡಲಿಲ್ಲ. ಕೊನೆಗೆ ಅವಳು ಕಿಟಕಿಯಾಚೆಯ ಮಣ್ಣಿನ ಗೋಡೆಯನ್ನು ನೋಡುತ್ತ, “ಮಳೆ ಬಂದ ಮೇಲಿನ ಗೋಡೆ” ಎಂದಳು. ನೀನು ಹಾಗೆಯೇ ಬರೆದೆ.

ಮುನಿಸಾ, ಆ ದಿನದಿಂದ ಅವಳು ಮುಖಕ್ಕೆ ಬಣ್ಣ ಹಾಕತೊಡಗಿದಳು. ಇದಕ್ಕೆ ನಿನಗೆ ಹೇಗೆ ಧನ್ಯವಾದ ಹೇಳಲಿ? ಶಾಲೆಯ ಟ್ಯಾಬ್ಲೆಟ್‌ಗೂ ನೀನು ಹಾಕಿಕೊಟ್ಟ ಆ ಸಾಲಿನಿಂದ ಬೇಸಿಗೆಯಿಡೀ ಮಕ್ಕಳು ಅಜ್ಜ, ಅಜ್ಜಿ, ಪಕ್ಕದ ಮನೆಯವರು ಎಲ್ಲರನ್ನೂ ಬರೆದರು. ಸರ್ದೋರ್ ಮುಖ್ಯೋಪಾಧ್ಯಾಯರ ಬಣ್ಣವನ್ನು ಕತ್ತೆಗೆ ಹಾಕಿ ಅವರಿಗೇ ತೋರಿಸಿದ. “ಕಿವಿ ಸರಿಯಾಗಿ ಬಂದಿದೆ” ಎಂದಷ್ಟೇ ಹೇಳಿ ಹೋದರು ಆ ಪುಣ್ಯಾತ್ಮ.

ಆಮೇಲೆ ಅಕ್ಷರಪುಸ್ತಕ ಬಂತು. ನೀನು ಬರೆದ ಗೋಡೆ, ನೀನು ಬರೆದ ಮಲ್ಬರಿ ಮರ, ಅವರದೇ ಟೋಪಿ, ಅವರದೇ ಜಡೆ. ಒಳಗಿರುವವರೆಲ್ಲ ಗುಲಾಬಿ. ಮಕ್ಕಳು ಹಾಳೆ ತಿರುವುತ್ತ ತಮ್ಮನ್ನು ಹುಡುಕಿದರು. ಮೊದಲ ಪುಟದಲ್ಲಿ ‘ಚಿತ್ರಗಳು: ಮುನಿಸಾ’ ಎಂದಿದೆ, ನೀನು ಮಾಡದ ಕೆಲಸಕ್ಕೂ ನಿನ್ನದೇ ಹೆಸರು.

ನಾನೇ ಸಂಪಾದಕರಿಗೆ ಫೋನು ಮಾಡಿದೆ.

“ಅಚ್ಚಿನಲ್ಲಿ ಮುಖ ಕೊಳೆಯಾಗಿ ಕಾಣುತ್ತೆ ಅಂದ್ರು, ಅಪಾ. ಆ ಸಾಲು ತೆಗೆದು ಮಾಮೂಲಿ ಸಾಲು ಹಾಕಿದ್ವಿ, ಅಷ್ಟೇ. ಮಕ್ಕಳ ಪುಸ್ತಕ, ಬೆಳ್ಳಗೆ ಲಕ್ಷಣವಾಗಿರ್ಲಿ.”

“ಕೊಳೆ ಅಂದೋರು ಯಾರು?”

“ಎಲ್ರೂ ಸೇರಿ ತೀರ್ಮಾನ ಮಾಡಿದ್ದು.”

“ಎಲ್ರಿಗೂ ಅಪ್ಪ ಅಮ್ಮ ಇಟ್ಟ ಹೆಸರಿರುತ್ತಲ್ಲ, ತಮ್ಮಾ?”

ಫೋನು ಕಟ್ಟಾಯಿತು.

ನಾನು ಕಲಿತ ಅಕ್ಷರಪುಸ್ತಕದಲ್ಲಿ ಒಣಹುಲ್ಲಿನ ಬಣ್ಣದ ಕೂದಲಿಗೆ ದೊಡ್ಡ ರಿಬ್ಬನ್ ಕಟ್ಟಿದ ಹುಡುಗಿಯಿದ್ದಳು. ಮಾಸ್ಕೋದಿಂದ ಬಂದ ಯಾರದೋ ನೆಂಟಳು ಎಂದುಕೊಂಡಿದ್ದೆವು. ಆಮೇಲೆ ದೇಶ ನಮ್ಮದಾಯಿತು, ಲಿಪಿ ಬದಲಾಯಿತು, ಹಳೆಯ ಪುಸ್ತಕಗಳನ್ನೆಲ್ಲ ಕಪಾಟಿನಿಂದ ಇಳಿಸಿದವಳು ನಾನೇ. ಇಷ್ಟಾದರೂ ಆ ಹುಡುಗಿ ಮಾತ್ರ ಹೋಗಿಲ್ಲ. ಕೂದಲಿಗೆ ಕಪ್ಪು ಬಳಿದುಕೊಂಡು ಅಲ್ಲೇ ಕೂತಿದ್ದಾಳೆ.

ನೀನು ಮಾತ್ರ ಎದೆಗುಂದಬೇಡ. ನಿನ್ನ ಅಮ್ಮ, ನನ್ನ ತಂಗಿ, ಇದ್ದಿದ್ದರೆ ಆ ಬಣ್ಣದ ಸಾಲನ್ನು ನೋಡಿ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಿನ್ನ ಕೈಗೆ ನೋವು ಬಾರದಿರಲಿ, ಕಣ್ಣಿಗೆ ದಣಿವು ಬಾರದಿರಲಿ.

ನಿನ್ನ ಖೋಲಾ,
ಸನೋಬರ್

ಇನ್ನೊಂದು ಮಾತು: ಇದನ್ನು ಬರೆಯಬಾರದು ಎಂದಿದ್ದೆ. ನಾನು ಕಾಗದ ಮಡಿಸುವಾಗ ಅನ್ಬರ್ ಬಂದು ಹೇಳಿದಳು: “ಅಜ್ಜಿ, ಮುನಿಸಾ ಅಪಾಗೆ ಬರೀತಿದೀಯಾ? ಆ ಸಾಲಿಂದ ನನ್ನ ಬಣ್ಣ ಅಳಿಸಿಬಿಡೋಕೆ ಹೇಳು. ನನ್ನಿಂದ ತಾನೆ ಎಲ್ಲರ ಮುಖಾನೂ ಹೋಗಿದ್ದು?” ಅಳಲಿಲ್ಲ, ತರಗತಿಗೆ ತಾನು ಮಾಡಿದ ತೊಂದರೆಯನ್ನು ಸರಿಪಡಿಸುವವಳ ಹಾಗೆ ಹೇಳಿದಳು. ನೀನು ಅಳಿಸಬೇಡ. ನಿನ್ನ ಪ್ರಕಾಶಕರಿಗೆ ಈ ಕಾಗದ ಓದಿ ಹೇಳು: ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನ ವಿಷಾದ ನಮಗೆ ಬೇಡ. ಬೊಯ್ಸುನ್‌ಗೆ ಬರಲಿ, ಹೆತ್ತವರನ್ನೂ ಪತ್ರಿಕೆಯವರನ್ನೂ ನಾನು ಕರೆಸುತ್ತೇನೆ. ಒಂದನೇ ತರಗತಿಯ ಮಕ್ಕಳ ಎದುರು ನಿಂತು, ಇವರಲ್ಲಿ ಯಾರ ಮುಖ ಕೊಳೆಯಾಗಿ ಕಂಡಿತು, ಹಾಗೆಂದವರು ಯಾರು, ಹೆಸರು ಹಿಡಿದು ಹೇಳಲಿ.